ಹುಡುಗರ ಛಲವನ್ನು ಕೂಡುವ ಲೆಕ್ಕದಿಂದ ಅಳೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಸ್ಟಾಫ್‌ರೂಮಿನಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಕೇಳುವ ಮಾತು ಇದು: "ಹುಡುಗ ಶ್ಯಾಣ್ಯಾ ಅದಾನ್ರೀ, ಆದ್ರ ಛಲ ಇಲ್ಲ." ಬಾಗಲಕೋಟೆ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನೂ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಒಂದು ದಿನ ಹೊಸದಾಗಿ ಬಂದ ವಿಜ್ಞಾನದ ಟೀಚರ್ ಕೇಳಿದರು, "ಛಲ ಇಲ್ಲ ಅಂತ ಹೆಂಗ ಗೊತ್ತಾತ್ರೀ ಸರ್?" ನಾನು ಹುಡುಗನ ಮಾರ್ಕ್ಸ್ ಹೇಳಿದೆ. ಅವರು ನಕ್ಕರು. ಮಾರ್ಕ್ಸ್‌ನಿಂದ ಗೊತ್ತಾಗುವುದು ಅವನಿಗೆ ಏನು ಬರುತ್ತದೆ ಅಂತ. ಛಲದ ಲೆಕ್ಕವೇ ಬೇರೆ, ಅಲ್ವಾ?

ಅಲ್ಲಿಂದ ಶುರುವಾದ ಹುಡುಕಾಟ ಇದು. ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಗಡಿಯಾರ. ಶಿಕ್ಷಕರು, ಬಿ.ಎಡ್ ಪ್ರಾಜೆಕ್ಟ್ ಮಾಡುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ತಮ್ಮನ್ನೇ ಅಳೆದುಕೊಳ್ಳಬೇಕು ಅನ್ನುವವರು, ಯಾರು ಬೇಕಾದರೂ ಮಾಡಬಹುದು.

ಮೊದಲು, ಏನನ್ನು ಅಳೆಯುತ್ತಿದ್ದೇವೆ?

ನಮ್ಮಲ್ಲಿ ಮೂರು ಮಾತುಗಳಿವೆ: ಹಠ, ಜಿದ್ದು, ಛಲ. ಜಾತ್ರೆಯಲ್ಲಿ ಆಟಿಗೆ ಸಾಮಾನು ಬೇಕೇ ಬೇಕು ಅಂತ ನೆಲದ ಮೇಲೆ ಹೊರಳುವುದು ಹಠ. ಪಕ್ಕದ ಬೆಂಚಿನವನಿಗಿಂತ ಒಂದು ಮಾರ್ಕ್ಸ್ ಜಾಸ್ತಿ ತೆಗೆಯಬೇಕು ಅನ್ನುವುದು ಜಿದ್ದು. ಯಾರೂ ನೋಡದಿದ್ದರೂ ಕೆಲಸ ಇನ್ನಷ್ಟು ಚೆನ್ನಾಗಿ ಆಗಬೇಕು ಅಂತ ಬಿಡದೆ ಮಾಡುವುದು ಛಲ. ಪುಸ್ತಕದಲ್ಲಿ 'ಸಾಧನಾ ಪ್ರೇರಣೆ' ಅನ್ನುವುದು ಹೆಚ್ಚುಕಡಿಮೆ ಈ ಮೂರನೆಯದನ್ನೇ.

1938ರಲ್ಲಿ ಅಮೆರಿಕದ ಮನೋವಿಜ್ಞಾನಿ ಹೆನ್ರಿ ಮರ್ರೆ ಮನುಷ್ಯನ ಅಗತ್ಯಗಳ ಪಟ್ಟಿ ಮಾಡುವಾಗ ಸಾಧಿಸುವ ಅಗತ್ಯವನ್ನೂ ಸೇರಿಸಿದರು. 1953ರಲ್ಲಿ ಅಲ್ಲಿಯವರೇ ಆದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ ಮತ್ತು ಸಂಗಡಿಗರು ಅದನ್ನು ಅಳೆಯುವ ವಿಧಾನವನ್ನು ವಿವರವಾಗಿ ಬರೆದರು. ಚಿತ್ರ ತೋರಿಸಿ ಕಥೆ ಬರೆಸುವುದು, ಆ ಕಥೆಗಳಲ್ಲಿ ಸಾಧನೆಯ ಮಾತು ಎಷ್ಟು ಬರುತ್ತದೆ ಅಂತ ಎಣಿಸುವುದು ಅವರ ದಾರಿ. ಇದೇ ಮೆಕ್‌ಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಸಾಧನಾ ಪ್ರೇರಣೆಯ ತರಬೇತಿ ಕೊಡುವ ಪ್ರಯೋಗ ನಡೆಸಿದವರು.

ಕಥೆಯ ವಿಧಾನ ಚೆನ್ನಾಗಿದೆ, ಆದರೆ ಅಂಕ ಹಾಕುವವರಿಗೆ ಒಳ್ಳೆ ತರಬೇತಿ ಬೇಕು. ಇನ್ನೊಂದು ದಾರಿ ನೇರವಾಗಿ ಕೇಳುವುದು. "ಕಷ್ಟದ ಕೆಲಸ ಬಂದರೂ ನಾನು ಬಿಡುವುದಿಲ್ಲ. ಹೌದು ಅಥವಾ ಅಲ್ಲ." ಒಂಬತ್ತನೇ ಕ್ಲಾಸಿಗೆ ಕೊಟ್ಟು ನೋಡಿ. ಇಡೀ ಕ್ಲಾಸ್ 'ಹೌದು' ಅಂತ ಟಿಕ್ ಹಾಕುತ್ತದೆ, ಹಿಂದಿನ ಬೆಂಚೂ ಸೇರಿ. ಜನ ತಮ್ಮ ಬಗ್ಗೆ ಹೇಳಿಕೊಳ್ಳುವ ಪ್ರೇರಣೆ, ಕಥೆಗಳಲ್ಲಿ ಕಾಣುವ ಪ್ರೇರಣೆ ಎರಡೂ ಬೇರೆ ಬೇರೆ, ಒಂದಕ್ಕೊಂದು ಅಷ್ಟಾಗಿ ಹೊಂದುವುದಿಲ್ಲ ಅಂತ 1989ರಲ್ಲಿ ಮೆಕ್‌ಕ್ಲೆಲೆಂಡ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರೆದರು.

ಮೂರನೆಯ ದಾರಿ ಕೆಲಸ ಕೊಟ್ಟು ನೋಡುವುದು. ಇದು ಹಳೆಯದು. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಜನರಿಗೆ ಒಂದೇ ಸಮ ಅಂಕಿ ಕೂಡುವ ಕೆಲಸ ಕೊಟ್ಟು, ಹೊತ್ತು ಹೋದಂತೆ ವೇಗ ಹೇಗೆ ಬದಲಾಗುತ್ತದೆ ಅಂತ ನೋಡುತ್ತಿದ್ದರು. ಚಹಾ ಕುಡಿದರೆ ಏನಾಗುತ್ತದೆ, ಮದ್ಯ ಕುಡಿದರೆ ಏನಾಗುತ್ತದೆ ಅಂತಲೂ ಪರೀಕ್ಷಿಸಿದರು. 1902ರಲ್ಲಿ 'ಕೆಲಸದ ರೇಖೆ'ಯ ಬಗ್ಗೆ ಬರೆದರು. ಆಮೇಲೆ ಜಪಾನಿನ ಉಚಿದಾ ಅದನ್ನೇ ಎರಡು ಭಾಗದ ಪರೀಕ್ಷೆ ಮಾಡಿದರು, ಅಲ್ಲಿ ಕೆಲಸಕ್ಕೆ ಆಳು ಆರಿಸುವಾಗ ಅದು ಬಳಕೆಗೆ ಬಂತು. ಜರ್ಮನಿಯ ರಿಚರ್ಡ್ ಪೌಲಿ ಇನ್ನೂ ಗಟ್ಟಿ ಮನುಷ್ಯ. ಅವರ ಪರೀಕ್ಷೆಯಲ್ಲಿ ಒಂದು ತಾಸು ಪೂರ್ತಿ ಕೂಡುತ್ತಲೇ ಇರಬೇಕು!

ನಾವು ಮಾಡುವುದು ಇದರ ಸಣ್ಣ ರೂಪ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಪ್ರಮಾಣಿತ ಪರೀಕ್ಷೆ ಅಲ್ಲ, ಕ್ಲಾಸಿನ ಸಾಧನ. ಅಷ್ಟೇ ಅಂತ ತಿಳಿದು ಬಳಸಿ.

ಹಾಳೆ ತಯಾರಿ

ಒಂದು ಸಾಲಿಗೆ ಸುಮಾರು 80 ಬಿಡಿ ಅಂಕಿ. ಅಂಥ 10 ಸಾಲು. ಅಂಕಿಗಳು 3ರಿಂದ 9ರವರೆಗೆ ಮಾತ್ರ ಇರಲಿ. ಸೊನ್ನೆ, ಒಂದು, ಎರಡು ಇದ್ದರೆ ಕೆಲವು ಸಾಲು ಸುಮ್ನೆ ಹಗುರ ಆಗಿಬಿಡುತ್ತವೆ, ಆಗ ಸಾಲು ಸಾಲಿಗೆ ಹೋಲಿಕೆ ಕೆಡುತ್ತದೆ. ಎ4 ಹಾಳೆಯನ್ನು ಅಡ್ಡ ಇಟ್ಟು ಪ್ರಿಂಟ್ ಹಾಕಿ. ಸಾಲುಗಳ ನಡುವೆ ಉತ್ತರ ಬರೆಯಲು ಜಾಗ ಬಿಡಿ.

ಎಕ್ಸೆಲ್‌ನಲ್ಲಿ ರ್‍ಯಾಂಡ್‌ಬಿಟ್ವೀನ್ ಫಾರ್ಮುಲಾಕ್ಕೆ 3 ಮತ್ತು 9 ಕೊಟ್ಟರೆ ಅಂಕಿಗಳು ತಾವೇ ಬೀಳುತ್ತವೆ. ಆದರೆ ಹುಷಾರು, ಶೀಟಿನಲ್ಲಿ ಏನೇ ಮುಟ್ಟಿದರೂ ಅವು ಬದಲಾಗುತ್ತವೆ. ಕಾಪಿ ಮಾಡಿ, ಬರೀ ವ್ಯಾಲ್ಯೂ ಪೇಸ್ಟ್ ಮಾಡಿ, ಆಮೇಲೆ ಪ್ರಿಂಟ್ ಕೊಡಿ. ಇಲ್ಲದಿದ್ದರೆ ಉತ್ತರದ ಹಾಳೆ ಒಂದು, ಪ್ರಶ್ನೆಯ ಹಾಳೆ ಇನ್ನೊಂದು. ಕಂಪ್ಯೂಟರ್ ಇಲ್ಲವಾ? ಇಸ್ಪೀಟ್ ಕಟ್ಟಿನಲ್ಲಿ 3ರಿಂದ 9ರವರೆಗಿನ 28 ಎಲೆ ತೆಗೆದುಕೊಳ್ಳಿ. ಕಲಸಿ, ಒಂದು ಎಲೆ ಎಳೆದು ಬರೆದುಕೊಂಡು ವಾಪಸ್ ಹಾಕಿ, ಮತ್ತೆ ಕಲಸಿ ಎಳೆಯಿರಿ. ನಾನು ಮೊದಲ ಹಾಳೆ ಹಾಗೇ ಮಾಡಿದ್ದು. ಮನೆಯವರು ಒಂದು ಥರಾ ನೋಡಿದರು.

ಕೆಲಸ ಹೀಗಿರುತ್ತದೆ. ಸಾಲಿನಲ್ಲಿ 7 4 8 3 9 6 ಇದೆ ಅನ್ನಿ. 7 ಮತ್ತು 4 ಕೂಡಿದರೆ 11, ಎರಡರ ನಡುವೆ ಕೆಳಗೆ ಬರೀ 1 ಬರೆಯಬೇಕು. 4 ಮತ್ತು 8, 12. ಬರೆಯುವುದು 2. ಹಾಗೇ ಮುಂದೆ 1, 2, 5. ಬಿಡಿ ಸ್ಥಾನ ಮಾತ್ರ. ಕೆಲಸ ಇಷ್ಟು ಸುಲಭ ಇರಬೇಕು. ಸುಲಭ ಇದ್ದರೇನೇ ಬುದ್ಧಿಯ ಪಾಲು ಕಡಿಮೆಯಾಗಿ ಮನಸ್ಸಿನ ಪಾಲು ಕಾಣುತ್ತದೆ. ಕೂಡುವುದೇ ಗೊತ್ತಾಗದೆ ಒದ್ದಾಡುವ ಮಗುವಿಗೆ ಇದನ್ನು ಕೊಡಬೇಡಿ. ಅಂಥವರಿಗೆ ಹಳೆ ಪೇಪರ್ ಕೊಟ್ಟು 'ರ' ಮತ್ತು 'ಲ' ಅಕ್ಷರ ಕಂಡಲ್ಲೆಲ್ಲಾ ಗೆರೆ ಹೊಡೆಯಲು ಹೇಳಿ, ನಿಮಿಷಕ್ಕೆ ಎಷ್ಟು ಅಂತ ಎಣಿಸಿ. ಲೆಕ್ಕ ಅಂದರೆ ಕೈ ನಡುಗುವ ಹುಡುಗಿಯೊಬ್ಬಳು ಈ ಕೆಲಸದಲ್ಲಿ ತಲೆ ಎತ್ತದೆ ಕೂತಿದ್ದನ್ನು ನಾನು ನೋಡಿದ್ದೇನೆ.

ಕೂರಿಸುವುದು, ಹೇಳುವುದು

ಒಂದು ಸಾಲಿಗೆ ಒಂದು ನಿಮಿಷ. ನೀವು "ಮುಂದೆ" ಅಂದ ತಕ್ಷಣ, ಎಲ್ಲೇ ಇರಲಿ, ಬಿಟ್ಟು ಮುಂದಿನ ಸಾಲಿಗೆ ಹೋಗಬೇಕು. ಉಚಿದಾ ಮಾದರಿಯಲ್ಲಿ 15 ನಿಮಿಷ ಕೆಲಸ, 5 ನಿಮಿಷ ವಿರಾಮ, ಮತ್ತೆ 15 ನಿಮಿಷ. ಕ್ಲಾಸಿನ ಮಕ್ಕಳಿಗೆ 10 ನಿಮಿಷ ಸಾಕು. ದೊಡ್ಡವರಾದರೆ ಪೂರ್ತಿ ಮಾಡಿಸಿ. ಶುರುವಿನಲ್ಲಿ ಬೇರೆ ಎರಡು ಸಾಲು ರೂಢಿಗೆ ಕೊಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಏನು ಹೇಳುತ್ತೀರಿ ಅನ್ನುವುದು ಬಹಳ ಮುಖ್ಯ. "ಇದರಲ್ಲಿ ಫಸ್ಟ್ ಬಂದವರಿಗೆ ಪೆನ್ನು" ಅಂದರೆ ಇಡೀ ಕ್ಲಾಸ್ ಜಿದ್ದಿಗೆ ಬೀಳುತ್ತದೆ. "ಇದು ಪರೀಕ್ಷೆ" ಅಂದರೆ ಹೆದರಿಕೆ. ಎರಡರಲ್ಲೂ ನಿಮಗೆ ಸಿಗುವುದು ನಿಮ್ಮ ಮಾತಿನ ಪ್ರಭಾವ, ಅವರ ಛಲ ಅಲ್ಲ. ಮೆಕ್‌ಕ್ಲೆಲೆಂಡ್ ತಂಡ ಮೊದಲು ಮಾಡಿದ ಪ್ರಯೋಗಗಳೇ ಇಂಥವು. ಒಂದೇ ಕೆಲಸವನ್ನು ಒಂದು ಗುಂಪಿಗೆ ಆರಾಮವಾಗಿ, ಇನ್ನೊಂದು ಗುಂಪಿಗೆ ಸಾಮರ್ಥ್ಯದ ಪರೀಕ್ಷೆ ಅನ್ನುವ ಹಾಗೆ ಕೊಟ್ಟು, ಆಮೇಲೆ ಬರೆದ ಕಥೆಗಳು ಹೇಗೆ ಬದಲಾಗುತ್ತವೆ ಅಂತ ನೋಡಿದರು. ಬದಲಾದವು. ಹಾಗಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಸಲ ಅದನ್ನೇ ಓದಿ. ನನ್ನ ಚೀಟಿಯಲ್ಲಿ ಇರುವುದು ಇಷ್ಟು: "ಅಂಕಿ ಕೂಡುತ್ತಾ ಹೋಗಿ. ನಿಮ್ಮಿಂದ ಆದಷ್ಟು ಚೆನ್ನಾಗಿ ಮಾಡಿ. ಇದಕ್ಕೆ ಮಾರ್ಕ್ಸ್ ಇಲ್ಲ."

ಹೊತ್ತು ಬೆಳಗಿನದೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಸರ್ಕಾರಿ ಆಫೀಸುಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಸಮಯ ಬದಲಿಸಿಕೊಳ್ಳುತ್ತವೆ. ಇನ್ನು ಮಕ್ಕಳಿಗೆ ಮಧ್ಯಾಹ್ನ ಮೂರಕ್ಕೆ ತಗಡಿನ ಕೆಳಗೆ ಅಂಕಿ ಕೂಡು ಅಂದರೆ ನೀವು ಅಳೆಯುವುದು ಬಿಸಿಲನ್ನು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಮೊದಲ ಸಲ 34 ಮಕ್ಕಳನ್ನು ಕೂರಿಸಿದೆ. ಸಂಜೆ ಮನೆಯಲ್ಲಿ ಎಣಿಸುತ್ತಾ ಹೋದರೆ ಏಳನೇ ಸಾಲು ಎಲ್ಲರದೂ ಕುಸಿದಿತ್ತು. "ಏಳನೇ ನಿಮಿಷಕ್ಕೆ ಮಕ್ಕಳಿಗೆ ಬೇಸರ ಬರುತ್ತದೆ" ಅಂತ ಡೈರಿಯಲ್ಲಿ ದೊಡ್ಡದಾಗಿ ಬರೆದೆ. ಮರುದಿನ ಹುಡುಗರು ನೆನಪು ಮಾಡಿದರು, "ಸರ್, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತಲ್ರೀ." ಹಾಳೆಗಳು ಹಾರಬಾರದು ಅಂತ ಇಟ್ಟಿದ್ದ ಡಬ್ಬಿಗಳನ್ನು ಎಲ್ಲರೂ ಆ ನಿಮಿಷದಲ್ಲೇ ಎತ್ತಿ ಬದಿಗೆ ಇಟ್ಟಿದ್ದರಂತೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಯಾವ ಸಾಲಿನಲ್ಲಿ ಎಲ್ಲರೂ ಕುಸಿದಿದ್ದಾರೋ ಅದು ಕೋಣೆಯ ತಪ್ಪು. ಆ ಸಾಲನ್ನು ಎಲ್ಲರ ಲೆಕ್ಕದಿಂದಲೂ ತೆಗೆದುಬಿಡುವುದು. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು ಎಷ್ಟನೇ ನಿಮಿಷದಲ್ಲಿ ಹೊರಗೆ ಏನಾಯಿತು ಅಂತ ಬರೆಯುತ್ತಾ ಹೋಗಿ. ಟ್ರ್ಯಾಕ್ಟರ್ ಹೋಯಿತು, ಪ್ಯೂನ್ ನೋಟಿಸ್ ತಂದ, ಹೀಗೆ.

ಎಣಿಕೆ

ಪ್ರತಿ ಸಾಲಿನಲ್ಲಿ ಎಷ್ಟು ಮಾಡಿದ್ದಾರೆ ಅಂತ ಬಲಗಡೆ ಬರೆಯಿರಿ. ಹತ್ತು ಹತ್ತು ಅಂಕಿಗೆ ಗುರುತು ಹಾಕಿದ ಒಂದು ಪಟ್ಟಿ ಮಾಡಿಕೊಂಡು ಸಾಲಿನ ಮೇಲಿಟ್ಟರೆ ಎಣಿಕೆ ಬೇಗ ಆಗುತ್ತದೆ. ತಪ್ಪುಗಳನ್ನು ಬೇರೆ ಬರೆಯಿರಿ. ನೂರಕ್ಕೆ ಐದಾರು ತಪ್ಪಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಆ ಮಗು ಕೂಡದೆ ಸುಮ್ನೆ ಅಂಕಿ ಗೀಚಿದೆ ಅಂತ ಅರ್ಥ, ಆ ಹಾಳೆಯ ವೇಗಕ್ಕೆ ಬೆಲೆ ಇಲ್ಲ.

ಆಮೇಲೆ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಜೋಡಿಸಿ. ಅಡ್ಡಕ್ಕೆ ನಿಮಿಷ, ಉದ್ದಕ್ಕೆ ಎಣಿಕೆ. ಲೆಕ್ಕಕ್ಕೆ ಮೊದಲು ಕಣ್ಣಿಂದ ನೋಡುವುದು ಒಳ್ಳೇದು.

ಮೂರು ಅಂಕಿ ತೆಗೆಯುವುದು

ಈ ಹೆಜ್ಜೆಯಲ್ಲಿ ನಿಧಾನ ಮಾಡಿ. ಅರ್ಥ ಆಗಲಿ ಅಂತ ಮೂರು ಮಕ್ಕಳ ಅಂಕಿ ನಾನೇ ಮಾಡಿ ಕೊಡುತ್ತೇನೆ.

ಮೊದಲನೆಯವಳು: 31, 28, 29, 28, 27, 28, 27, 28, 29, 31. ಒಟ್ಟು 286.

ಎರಡನೆಯವನು: 44, 38, 29, 36, 24, 37, 26, 35, 25, 40. ಒಟ್ಟು 334.

ಮೂರನೆಯವನು: 36, 35, 33, 32, 31, 29, 28, 27, 25, 24. ಒಟ್ಟು 300.

ಒಟ್ಟು ಮಾತ್ರ ನೋಡಿದರೆ ಎರಡನೆಯವನೇ ಮುಂದೆ. ಕ್ಲಾಸಿನಲ್ಲಿ ನಾವು ಮಾಡುವುದು ಇದನ್ನೇ. ಒಟ್ಟು ಹೇಳುವುದು ಮುಖ್ಯವಾಗಿ ಕೈಯ ವೇಗವನ್ನು. ಇದು ಮೊದಲ ಅಂಕಿ, ಬದಿಗೆ ಇಡಿ.

ಎರಡನೇ ಅಂಕಿ ಏರಿಳಿತ. ಒಂದು ಸಾಲಿಗೂ ಅದರ ಮುಂದಿನ ಸಾಲಿಗೂ ಎಷ್ಟು ವ್ಯತ್ಯಾಸ ಅಂತ ಬರೆಯಿರಿ, ಪ್ಲಸ್ಸೋ ಮೈನಸ್ಸೋ ನೋಡಬೇಡಿ. ಮೊದಲನೆಯವಳದು 3, 1, 1, 1, 1, 1, 1, 1, 2. ಕೂಡಿದರೆ 12. ಒಂಬತ್ತು ವ್ಯತ್ಯಾಸಗಳಿವೆ, ಭಾಗಿಸಿದರೆ 1.33. ಇದನ್ನು ಅವಳದೇ ಸರಾಸರಿ 28.6ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 4.7. ಎರಡನೆಯವನ ವ್ಯತ್ಯಾಸಗಳ ಮೊತ್ತ 92, ಒಂಬತ್ತರಿಂದ ಭಾಗಿಸಿದರೆ 10.22, ಸರಾಸರಿ 33.4. ಬಂದದ್ದು ಶೇಕಡಾ 30.6! ಸರಾಸರಿಯಿಂದ ಭಾಗಿಸುವುದನ್ನು ಮರೆಯಬೇಡಿ. ನಿಮಿಷಕ್ಕೆ 50 ಕೂಡುವವನಿಗೆ ನಾಲ್ಕರ ವ್ಯತ್ಯಾಸ ಏನೂ ಅಲ್ಲ, 15 ಕೂಡುವವನಿಗೆ ಅದು ದೊಡ್ಡದು.

ಈಗ ಮೂರನೆಯವನ ಏರಿಳಿತ ತೆಗೆಯಿರಿ. ಮೊತ್ತ 12, ಸರಾಸರಿ 30, ಶೇಕಡಾ 4.4. ಮೊದಲನೆಯವಳಿಗಿಂತಲೂ ಸಮ! ಆದರೆ ಗ್ರಾಫ್ ನೋಡಿ, ಗುಡ್ಡದಿಂದ ಇಳಿದ ಹಾಗೆ ಒಂದೇ ಸಮ ಇಳಿದಿದ್ದಾನೆ. ಅದಕ್ಕೇ ಮೂರನೇ ಅಂಕಿ ಬೇಕು, ಅದರ ಹೆಸರು ತಾಳಿಕೆ. ಕೊನೆಯ ಐದು ಸಾಲಿನ ಮೊತ್ತವನ್ನು ಮೊದಲ ಐದು ಸಾಲಿನ ಮೊತ್ತದಿಂದ ಭಾಗಿಸಿ. ಮೊದಲನೆಯವಳದು 143ಕ್ಕೆ 143, ಅಂದರೆ ನೂರಕ್ಕೆ ನೂರು. ಎರಡನೆಯವನದು 171ಕ್ಕೆ 163, ಶೇಕಡಾ 95. ಮೂರನೆಯವನದು 167ಕ್ಕೆ 133, ಶೇಕಡಾ 80.

ಅಂದರೆ ಮೇಲೆ ಕೆಳಗೆ ಕುಣಿಯುವ ಎರಡನೆಯವನು ಸೋತವನಲ್ಲ, ಕೊನೆಗೂ ಮೇಲೇ ಇದ್ದಾನೆ. ನೆಟ್ಟಗೆ ಹೋಗುವ ಮೂರನೆಯವನು ಒಳಗೊಳಗೇ ಬಿಟ್ಟುಕೊಡುತ್ತಿದ್ದಾನೆ. ಏರಿಳಿತ ಒಂದನ್ನೇ ನೋಡಿ ಶಿಸ್ತಿನ ಹುಡುಗ ಅಂದಿದ್ದರೆ ತಪ್ಪಾಗುತ್ತಿತ್ತು.

ರೇಖೆ ಓದುವುದು

ಕ್ರೆಪೆಲಿನ್ ಈ ರೇಖೆಯನ್ನು ಹಲವು ಎಳೆಗಳಾಗಿ ಬಿಡಿಸಿದ್ದರು. ರೂಢಿ ಮೇಲೆ ಎತ್ತುತ್ತದೆ, ದಣಿವು ಕೆಳಗೆ ಎಳೆಯುತ್ತದೆ, ಶುರುವಿನಲ್ಲಿ ಒಂದು ಜಿಗಿತ, ಮುಗಿಯುತ್ತಾ ಬಂತು ಅಂತ ಗೊತ್ತಾದಾಗ ಇನ್ನೊಂದು ಜಿಗಿತ. ಮೊದಲನೆಯವಳ 31, 28 ಮತ್ತು ಕೊನೆಯ 29, 31 ಇದೇ. ಹಾಗಾಗಿ ಪೂರ್ತಿ ಚಪ್ಪಟೆ ರೇಖೆ ಬೇಕು ಅಂತ ಹುಡುಕಬೇಡಿ. ಹೊಸದಾಗಿ ಕಲಿಯಬೇಕಾದ ಕೆಲಸದಲ್ಲಂತೂ ಪ್ರೇರಣೆ ಇದ್ದವರ ರೇಖೆ ಏರುತ್ತಾ ಹೋಗಬಹುದು. 1952ರಲ್ಲಿ ಲೋವೆಲ್ ಎಂಬ ಸಂಶೋಧಕರು ಅಕ್ಷರ ಕಲಸಿದ ಪದಗಳನ್ನು ಸರಿಮಾಡುವ ಕೆಲಸ ಕೊಟ್ಟಾಗ ಕಂಡದ್ದು ಹಾಗೆಯೇ.

ನನಗೆ ಈ ರೇಖೆ ಓದಲು ಕಲಿಸಿದ್ದು ನಿಜವಾಗಿ ಗುಳೇದಗುಡ್ಡದ ನೇಕಾರರೊಬ್ಬರು. ನಮ್ಮ ವಿದ್ಯಾರ್ಥಿಯ ಅಜ್ಜ. ಖಣದ ಬಟ್ಟೆಯನ್ನು ಬೆಳಕಿಗೆ ಹಿಡಿದು ಒಂದು ತೆಳು ಗೆರೆ ತೋರಿಸಿದರು. "ಇಲ್ಲೆ ಚಾ ಕುಡಿಯಾಕ ಎದ್ದಿದ್ನಿ" ಅಂದರು. ಮಗ್ಗ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಮೊದಲ ಏಟು ಸ್ವಲ್ಪ ಬೇರೆ ಬೀಳುತ್ತದೆ, ಗೆರೆ ಉಳಿಯುತ್ತದೆ. ಇನ್ನೊಂದು ಕಡೆ ನಾಲ್ಕು ಬೆರಳಗಲ ಬಟ್ಟೆ ಸಡಿಲ ಇತ್ತು. "ಇದು ಚಾ ಅಲ್ಲ, ಮನಸ್ಸು ಇರಲಿಲ್ಲ." ಮಕ್ಕಳ ರೇಖೆಯಲ್ಲೂ ಈ ಎರಡು ಬೇರೆ ಬೇರೆ. ಒಂದು ಸಾಲು ಮಾತ್ರ ತಟ್ಟನೆ ಕುಸಿದು ಮುಂದಿನದರಲ್ಲೇ ಎದ್ದರೆ ಅದು ಪೆನ್ಸಿಲ್ ಮುರಿದದ್ದೋ ಸೀನು ಬಂದದ್ದೋ ಇರಬಹುದು. ಮೂರು ನಾಲ್ಕು ಸಾಲು ಒಟ್ಟಿಗೆ ಸಡಿಲ ಆದರೆ ಅದನ್ನು ಗಮನಿಸಬೇಕು.

ಒಂದು ಅಡ್ಡ ಪರೀಕ್ಷೆ: ರಿಂಗ್ ಎಸೆತ

ಒಂದೇ ಸಮ ಕೆಲಸ ಮಾಡುವ ಮಗುವಿಗೆ ಛಲ ಇದೆ ಅಂತಲೇ ಹೇಳಲಾಗುವುದಿಲ್ಲ. ಸರ್ ಬೈತಾರೆ ಅನ್ನುವ ಭಯವೂ ಕೈಯನ್ನು ಒಂದೇ ಸಮ ಓಡಿಸುತ್ತದೆ. ಅದಕ್ಕೆ ಇನ್ನೊಂದು ಆಟ ಜೋಡಿಸಿ.

ಬನಶಂಕರಿ ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ನೋಡಿದ್ದೀರಲ್ಲ, ಅದೇ. ಒಂದು ಗೂಟ ನೆಟ್ಟು, ಎಷ್ಟು ದೂರದಿಂದ ಬೇಕಾದರೂ ಎಸೆಯಿರಿ ಅಂತ ಬಿಡಿ. ಮನೋವಿಜ್ಞಾನಿಗಳಾದ ಜಾನ್ ಆಟ್ಕಿನ್ಸನ್ ಮತ್ತು ಲಿಟ್ವಿನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಗೆಲ್ಲುವ ಆಸೆ ಜಾಸ್ತಿ, ಸೋಲುವ ಭಯ ಕಡಿಮೆ ಇದ್ದವರು ಹೆಚ್ಚಾಗಿ ನಡುವಿನ ದೂರ ಆರಿಸಿದರು. ಇದರ ಹಿಂದಿನ ಲೆಕ್ಕವನ್ನು ಆಟ್ಕಿನ್ಸನ್ 1957ರಲ್ಲೇ ಬರೆದಿದ್ದರು. ಗೆಲ್ಲುವ ಸಾಧ್ಯತೆ ಕಡಿಮೆ ಆದಷ್ಟೂ ಗೆಲುವಿನ ಬೆಲೆ ಜಾಸ್ತಿ. ಸಾಧ್ಯತೆ 0.9 ಇದ್ದರೆ ಬೆಲೆ 0.1, ಗುಣಿಸಿದರೆ 0.09, ಆ ದೂರದ ಸೆಳೆತ ಅಷ್ಟು. ಸಾಧ್ಯತೆ 0.1 ಇದ್ದರೂ ಅಷ್ಟೇ. ಅರ್ಧಕ್ಕರ್ಧ ಇದ್ದಾಗ 0.25, ಎಲ್ಲಕ್ಕಿಂತ ಮೇಲೆ. ಗೂಟದ ಪಕ್ಕ ನಿಂತು ಹಾಕುವವನು ಸೋಲು ಬೇಡ ಅನ್ನುತ್ತಿದ್ದಾನೆ. ಮೈಲಿ ದೂರದಿಂದ ಎಸೆಯುವವನೂ ಅದನ್ನೇ ಅನ್ನುತ್ತಿರಬಹುದು, ಅಷ್ಟು ದೂರದಿಂದ ತಪ್ಪಿದರೆ ಯಾರು ನಗುತ್ತಾರೆ?

ಹತ್ತು ಎಸೆತ ಕೊಡಿ, ಪ್ರತಿ ಸಲ ಎಲ್ಲಿ ನಿಂತರು ಅಂತ ಬರೆದುಕೊಳ್ಳಿ. ಏರಿಳಿತ ಕಡಿಮೆ, ತಾಳಿಕೆ ಚೆನ್ನಾಗಿದೆ, ನಿಲ್ಲುವುದೂ ನಡುವೆ. ಈ ಮೂರೂ ಕೂಡಿ ಬಂದರೆ ಮಾತ್ರ ನಾನು ಏನಾದರೂ ಹೇಳುವ ಧೈರ್ಯ ಮಾಡುತ್ತೇನೆ.

ಮತ್ತೆ ಮಾಡಿ

ಒಂದು ದಿನದ ರೇಖೆ ಆ ದಿನದ್ದು ಅಷ್ಟೇ. ವಾರ ಬಿಟ್ಟು ಹೊಸ ಅಂಕಿಗಳ ಹಾಳೆಯಿಂದ ಇನ್ನೊಮ್ಮೆ, ಮತ್ತೊಂದು ವಾರ ಬಿಟ್ಟು ಇನ್ನೊಮ್ಮೆ. ಮೊದಲ ಸಲದ್ದರಲ್ಲಿ ರೂಢಿಯ ಪ್ರಭಾವ ಜಾಸ್ತಿ, ಅದಕ್ಕೆ ನಾನು ಎರಡನೇ ಮತ್ತು ಮೂರನೇ ಸಲದ್ದನ್ನೇ ನಂಬುತ್ತೇನೆ. ಕ್ಲಾಸಿನ ಮಕ್ಕಳನ್ನು ಏರಿಳಿತದ ಮೇಲೆ ಸಾಲಾಗಿ ಬರೆಯಿರಿ. ಎರಡೂ ಸಲ ಹೆಚ್ಚುಕಡಿಮೆ ಅದೇ ಕ್ರಮ ಬಂದರೆ ಸಾಧನ ಏನೋ ಹಿಡಿಯುತ್ತಿದೆ. ಹಿಂದಿನವರು ಮುಂದೆ, ಮುಂದಿನವರು ಹಿಂದೆ ಆಗಿಬಿಟ್ಟರೆ ಅಂಕಿಗಳನ್ನು ಮಡಚಿಡಿ, ಏನೂ ಹೇಳಬೇಡಿ.

ಇದರ ಮೇಲೆ ಯಾರನ್ನೂ ಆರಿಸಬೇಡಿ, ಯಾರನ್ನೂ ಬಿಡಬೇಡಿ. ಹಾಸ್ಟೆಲ್ ಸೀಟು, ಸ್ಪರ್ಧೆಗೆ ಕಳಿಸುವುದು, ಬೆಂಚು ಬದಲಿಸುವುದು, ಯಾವುದಕ್ಕೂ ಇದು ಆಧಾರ ಆಗಬಾರದು. ಮುಧೋಳದ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಅಪ್ಪ ಅಮ್ಮನ ಜತೆ ನಸುಕಿನಲ್ಲೇ ಎದ್ದ ಮಗುವಿನ ತಾಳಿಕೆ ಶೇಕಡಾ 70 ಬಂದರೆ ಅದು ಛಲದ ಕೊರತೆಯೋ ನಿದ್ದೆಯ ಕೊರತೆಯೋ? ಕನ್ನಡಕ ಬೇಕಾದ ಮಗು, ಬೆಳಿಗ್ಗೆ ಉಣ್ಣದೆ ಬಂದ ಮಗು, ಇವರ ರೇಖೆಯೂ ಇಳಿಯುತ್ತದೆ. ಇಳಿಯುವ ರೇಖೆ ಕಂಡರೆ ಮೊದಲು ಕೇಳಬೇಕಾದದ್ದು "ಊಟ ಆತೇನು? ರಾತ್ರಿ ಎಷ್ಟಕ್ಕ ಮಲಗಿದಿ?"

ಮಗುವಿಗೆ ತೋರಿಸುವುದು

ಇದನ್ನು ಒಬ್ಬೊಬ್ಬರಿಗೇ ತೋರಿಸಿ. ಬೋರ್ಡಿನ ಮೇಲೆ ಹಾಕಬೇಡಿ. ಇನ್ನೊಬ್ಬರ ಗ್ರಾಫ್ ಪಕ್ಕದಲ್ಲಿ ಇಡಬೇಡಿ, ಇಟ್ಟರೆ ಜಿದ್ದು ಶುರು. ಅವರದೇ ಹಿಂದಿನ ವಾರದ್ದನ್ನು ಪಕ್ಕಕ್ಕೆ ಇಡಿ. ನೀವು ಏನೂ ವಿವರಿಸದೆ "ಇದು ನಿಂದು, ನೋಡು" ಅಂತ ಕೊಟ್ಟು ಸುಮ್ಮನಿರಿ.

ಕಳೆದ ವರ್ಷ ಎರಡನೆಯವನ ಥರಾನೇ ಕುಣಿಯುವ ರೇಖೆಯ ಹುಡುಗನಿಗೆ ಹೀಗೇ ಕೊಟ್ಟೆ. ಬಹಳ ಹೊತ್ತು ನೋಡಿದ. ಆಮೇಲೆ ತಗ್ಗುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. "ಇಲ್ಲೆ ಪಕ್ಕದವನ ಹಾಳಿ ನೋಡಿದ್ನಿ ರೀ. ಇಲ್ಲೂ. ಇಲ್ಲೂ." ಅವನು ಒಂದು ಸಾಲು ಜೋರಾಗಿ ಓಡಿ, ಮುಂದಿನ ಸಾಲಿನಲ್ಲಿ ತಾನು ಎಷ್ಟು ಮುಂದಿದ್ದೇನೆ ಅಂತ ಪಕ್ಕಕ್ಕೆ ಇಣುಕುತ್ತಿದ್ದ. ಮುಂದಿನ ವಾರ ತಾನೇ ಬಂದು ಗೋಡೆ ಬದಿಯ ಬೆಂಚು ಕೇಳಿದ. ಆ ಸಲದ ಏರಿಳಿತ ಶೇಕಡಾ 11. ಒಟ್ಟು ಸ್ವಲ್ಪ ಕಡಿಮೆಯೇ ಆಗಿತ್ತು, ಅವನು ಅದನ್ನು ಕೇಳಲೇ ಇಲ್ಲ.